ಕೆಟ್ಟ ದಿನದ ಸ್ಕೋರ್ ಎಷ್ಟು?

ಓದುಗರ ಪತ್ರ: ‘ನಾವು ಅಮೆರಿಕದಲ್ಲಿದ್ದೇವೆ. ಮಗಳು ಒಂಬತ್ತನೇ ತರಗತಿ. ದಿನಕ್ಕೆ 300 ಚೆಂಡು ಹೊಡೆದು ಅಭ್ಯಾಸ ಮಾಡುತ್ತಾಳೆ, ನಮ್ಮ ಕ್ಲಬ್ಬಿನ ಕೋರ್ಸಿನಲ್ಲಿ 18 ಹೋಲ್‌ಗಳನ್ನು 76 ಹೊಡೆತಕ್ಕೆ ಮುಗಿಸುತ್ತಾಳೆ. ಕಾಲೇಜು ಗಾಲ್ಫ್ ತಂಡ ಸೇರುವ ಆಸೆ. ಹತ್ತು ಕೋಚ್‌ಗಳಿಗೆ ಇಮೇಲ್ ಕಳಿಸಿದೆ, ಒಬ್ಬರೂ ಸರಿಯಾಗಿ ಉತ್ತರಿಸಲಿಲ್ಲ. ಎಲ್ಲಿ ಎಡವುತ್ತಿದ್ದೇವೆ?’

ಸಂಪಾದಕರ ಉತ್ತರ: ಇಮೇಲಿನ ಬೇಸರವನ್ನು ಮೊದಲು ಬಿಟ್ಟುಬಿಡಿ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ನಿಯಮದಂತೆ, ಅದರ ಅತಿ ಮೇಲಿನ ಹಂತವಾದ ಡಿವಿಷನ್ ಒಂದರ ಗಾಲ್ಫ್ ಕೋಚ್, ಹುಡುಗಿ ಹತ್ತನೇ ತರಗತಿ ಮುಗಿಸಿದ ಮೇಲಿನ ಜೂನ್ 15ರ ತನಕ ಆಯ್ಕೆಯ ಬಗ್ಗೆ ಅವಳೊಡನೆ ಮಾತಾಡುವಂತಿಲ್ಲ. ಅಲ್ಲಿಯವರೆಗೆ ಬರುವುದು ಪ್ರಶ್ನಾವಳಿ ಅಥವಾ ಶಿಬಿರದ ಮಾಹಿತಿ, ಅಷ್ಟೇ. ಆ ಮೌನ ನಿರಾಕರಣೆಯಲ್ಲ. ಡಿವಿಷನ್ ಮೂರರ ಕೋಚ್‌ಗಳಿಗೆ ಈ ತಡೆಯಿಲ್ಲ. ಆದರೆ ಅಲ್ಲಿ ಕ್ರೀಡಾ ವಿದ್ಯಾರ್ಥಿವೇತನವೂ ಇಲ್ಲ, ಓದಿನ ಮೇಲೆ ಅಥವಾ ಕುಟುಂಬದ ಆದಾಯ ನೋಡಿ ಕೊಡುವ ನೆರವು ಮಾತ್ರ. ಇನ್ನೊಂದು ಮಾತು: ಮುಂದಿನ ಇಮೇಲನ್ನು ನೀವು ಬರೆಯಬೇಡಿ, ಅವಳೇ ಬರೆಯಲಿ. ಹೈಸ್ಕೂಲು ಮುಗಿಸುವ ವರ್ಷ, ಅಂಕಗಳ ಸರಾಸರಿಯಾದ ಜಿಪಿಎ, ಸ್ಪರ್ಧೆಯ ಸ್ಕೋರುಗಳು, ಮುಂದೆ ಆಡಲಿರುವ ಟೂರ್ನಿಗಳ ಪಟ್ಟಿ, ಮೂರು ನಿಮಿಷ ಮೀರದ ವಿಡಿಯೊ, ಇಷ್ಟಿದ್ದರೆ ಸಾಕು. ವಿಡಿಯೊದಲ್ಲಿ ಮುಂದಿನಿಂದ ಒಮ್ಮೆ, ಗುರಿಯ ಸಾಲಿನಲ್ಲಿ ಹಿಂದಿನಿಂದ ಒಮ್ಮೆ ಸ್ವಿಂಗ್ ಕಾಣಬೇಕು. ದೂರಕ್ಕೆ ಹೊಡೆಯುವ ಡ್ರೈವರ್ ಒಂದೇ ಸಾಲದು, ಹತ್ತಿರದಿಂದ ಎತ್ತಿ ಹೊಡೆಯುವ ವೆಜ್, ಬಂಕರ್ ಎಂಬ ಮರಳುಗುಂಡಿಯಿಂದ ಹೊಡೆತ, ಗ್ರೀನ್ ಎಂಬ ನುಣುಪು ಹುಲ್ಲಿನ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವ ಪಟಿಂಗ್ ಎಲ್ಲವೂ ಇರಲಿ. ಹಿನ್ನೆಲೆ ಸಂಗೀತ ಬೇಡ.

ಈಗ ಆ 76ರ ಮಾತು. ಗಾಲ್ಫಿನಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು. ಅದು ಯಾವ ಟೀಯಿಂದ, ಅಂದರೆ ಹೋಲ್ ಆರಂಭಿಸುವ ಯಾವ ಜಾಗದಿಂದ ಆಡಿದ್ದು? ಕೋರ್ಸ್ ರೇಟಿಂಗ್, ಅಂದರೆ ನುರಿತ ಆಟಗಾರ್ತಿಗೆ ಆ ಕೋರ್ಸಿನಲ್ಲಿ ಬೇಕಾಗುವ ಹೊಡೆತಗಳ ಅಂದಾಜು ಎಷ್ಟು? ಸ್ಪರ್ಧೆಯಲ್ಲಿ ಬಂದಿದ್ದೋ, ಗೆಳತಿಯರ ಜೊತೆ ಆಡುವಾಗಲೋ? ಮಹಿಳೆಯರ ಕಾಲೇಜು ಪಂದ್ಯಗಳ ಕೋರ್ಸುಗಳು ಸಾಮಾನ್ಯವಾಗಿ 6,000 ಗಜದ ಆಸುಪಾಸಿನಲ್ಲಿರುತ್ತವೆ. 71.2 ರೇಟಿಂಗಿನ ಚಿಕ್ಕ ಕೋರ್ಸಿನಲ್ಲಿ 76 ಎಂದರೆ ರೇಟಿಂಗಿಗಿಂತ 4.8 ಹೆಚ್ಚು. 75.4 ರೇಟಿಂಗಿನ ಉದ್ದದ ಕೋರ್ಸಿನಲ್ಲಿ 78 ಹೊಡೆದರೂ ಹೆಚ್ಚಾಗುವುದು 2.6 ಮಾತ್ರ. ಕೋಚ್ ಕಣ್ಣಿಗೆ ಆ 78ರ ಹುಡುಗಿಯೇ ಮುಂದೆ. ಹಾಗಾಗಿ ಮನೆಯ ಗೋಡೆಗೆ ಬರೀ ಸ್ಕೋರ್ ಅಂಟಿಸಬೇಡಿ, ಪಕ್ಕದಲ್ಲಿ ರೇಟಿಂಗನ್ನೂ ಬರೆಯಿರಿ.

ಇದಕ್ಕಿಂತ ದೊಡ್ಡ ಪ್ರಶ್ನೆ, ಅವಳ ಕೆಟ್ಟ ದಿನದ ಸ್ಕೋರ್ ಎಷ್ಟು ಎಂಬುದು. ಕಾಲೇಜು ಪಂದ್ಯದಲ್ಲಿ ಐವರು ಆಡುತ್ತಾರೆ, ಪ್ರತಿ ಸುತ್ತಿನಲ್ಲೂ ಒಳ್ಳೆಯ ನಾಲ್ಕು ಸ್ಕೋರು ಲೆಕ್ಕಕ್ಕೆ. ಕೆಟ್ಟದ್ದು ಹೇಗೂ ಬಿಟ್ಟುಹೋಗುತ್ತದಲ್ಲ ಎಂದು ಅನ್ನಿಸಬಹುದು. ಬಿಟ್ಟುಹೋಗುವುದು ಒಂದೇ, ಇಬ್ಬರು ಎಡವಿದರೆ ಒಬ್ಬರದು ತಂಡದ ತಲೆಗೇ ಬರುತ್ತದೆ. ಆ ಐವರಲ್ಲಿ ಒಬ್ಬಳಾಗುವುದಕ್ಕೆ ತಂಡದೊಳಗೇ ಕ್ವಾಲಿಫೈಯಿಂಗ್ ಸುತ್ತುಗಳಿರುತ್ತವೆ, ಅಲ್ಲಿ ಸಾಮಾನ್ಯವಾಗಿ ಎಲ್ಲ ಸುತ್ತುಗಳ ಮೊತ್ತವೇ ಲೆಕ್ಕ. 2025–26ರಿಂದ, ಕೋರ್ಟಿನಲ್ಲಿ ಆದ ‘ಹೌಸ್’ ಎಂಬ ಹೊಸ ರಾಜಿ ಒಪ್ಪಂದಕ್ಕೆ ಸೇರಿದ ಡಿವಿಷನ್ ಒಂದರ ಕಾಲೇಜುಗಳಲ್ಲಿ ಗಾಲ್ಫ್ ತಂಡಕ್ಕೆ 9 ಜನರ ಮಿತಿ ಬಂದಿದೆ, ಐದು ಜಾಗಕ್ಕೆ ಅಷ್ಟೂ ಜನರ ಪೈಪೋಟಿ. ಒಂದು 86 ಬಿದ್ದರೆ ಹಿಂದಿನ ದಿನದ 71 ಅದನ್ನು ಮುಚ್ಚಲಾರದು, ಆ ವಾರ ಅವಳು ಹಾಸ್ಟೆಲಿನಲ್ಲೇ ಉಳಿಯುತ್ತಾಳೆ.

ಕೆಟ್ಟ ಸ್ಕೋರನ್ನು ಕಟ್ಟುವುದು ಡಬಲ್ ಬೋಗಿಗಳು, ಅಂದರೆ ನಿಗದಿಗಿಂತ ಎರಡು ಹೊಡೆತ ಹೆಚ್ಚು ಬಿದ್ದ ಹೋಲ್‌ಗಳು. ಮುಂದಿನ ಹತ್ತು ಸ್ಪರ್ಧಾ ಸುತ್ತುಗಳ ಒಂದೊಂದು ಡಬಲ್ ಬೋಗಿಯೂ ಯಾವ ಹೊಡೆತದಿಂದ ಶುರುವಾಯಿತು ಎಂದು ಅವಳು ಬರೆದಿಡಲಿ: ಪೆನಾಲ್ಟಿಯೇ, ಮರಗಳ ನಡುವೆ ಸಿಕ್ಕ ಮೇಲೆ ಸಂದಿಯಲ್ಲಿ ತೂರಿಸಲು ಹೋಗಿದ್ದೇ, 100 ಗಜದೊಳಗಿಂದ ಗ್ರೀನ್ ತಪ್ಪಿದ್ದೇ, ಮೂರು ಪಟ್ ಆಗಿದ್ದೇ. ಯಾವುದು ಹೆಚ್ಚು ಬಾರಿ ಬಂತೋ ಅಭ್ಯಾಸ ಅಲ್ಲಿಂದ ಆರಂಭ. ಮರದಡಿಯಿಂದ ಚೆಂಡನ್ನು ತಗ್ಗಾಗಿ ಪಕ್ಕಕ್ಕೆ ಹೊರತೆಗೆದು ಒಂದೇ ಹೊಡೆತ ಹೆಚ್ಚಾಗುವ ಬೋಗಿಗೆ ಒಪ್ಪಿಕೊಳ್ಳುವುದೂ ಒಂದು ವಿದ್ಯೆ. ಅದನ್ನು ಅಭ್ಯಾಸ ಮಾಡುವ ಮಕ್ಕಳು ಬಹಳ ಕಡಿಮೆ ಎಂಬುದು ನಮಗೆ ನಿಜಕ್ಕೂ ಬೇಸರದ ಸಂಗತಿ.

ದಿನಕ್ಕೆ 300 ಚೆಂಡಿನ ತೊಂದರೆಯೂ ಇದೇ. ಸಪಾಟು ನೆಲ, ಅದೇ ಕ್ಲಬ್, ಅದೇ ಗುರಿ; ತಪ್ಪಿದರೆ ಇನ್ನೊಂದು ಚೆಂಡು ಕೈಗೆ ಸಿಗುತ್ತದೆ. ಕೋರ್ಸಿನಲ್ಲಿ ಆ ಇನ್ನೊಂದು ಚೆಂಡು ಇಲ್ಲ. ಅರವತ್ತಕ್ಕೆ ಇಳಿಸಿ, ಪ್ರತಿ ಚೆಂಡಿಗೂ ಕ್ಲಬ್ ಮತ್ತು ಗುರಿ ಬದಲಿಸಿ. ತನಗೆ ಗೊತ್ತಿರುವ ಕೋರ್ಸನ್ನು ಮನಸ್ಸಿನಲ್ಲೇ ಆಡುವಂತೆ ಡ್ರೈವರ್, ಏಳನೇ ಐರನ್, ವೆಜ್ ಹೀಗೆ ಸಾಗಲಿ. ಮೂರು ವೆಜ್‌ಗಳಿಗೆ ಅರ್ಧ, ಮುಕ್ಕಾಲು, ಪೂರ್ತಿ ಸ್ವಿಂಗ್ ಎಂದರೆ ಒಂಬತ್ತು ದೂರಗಳು. ಅಳತೆಗಾಗಿ ಮಾತ್ರ, ಬೇರೆ ಬೇರೆ ದಿನ, ಒಂದೊಂದಕ್ಕೂ ಹತ್ತು ಚೆಂಡು ಹೊಡೆದು, ಚೆಂಡು ನೆಲ ಮುಟ್ಟಿದ ಜಾಗದ ಸರಾಸರಿಯನ್ನು ಗುರುತು ಹಾಕಿಕೊಳ್ಳಲಿ, ಉರುಳಿ ನಿಂತ ಜಾಗವನ್ನಲ್ಲ. ಪಟಿಂಗಿನಲ್ಲಿ 30, 40, 50 ಅಡಿಯ ಮೊದಲ ಪಟ್‌ಗೆ ಹೆಚ್ಚು ಸಮಯ ಕೊಡಿ. ಮೂರು ಪಟ್ ಆಗುವುದು ಬಹುಪಾಲು ದಿಕ್ಕು ತಪ್ಪಿ ಅಲ್ಲ, ವೇಗ ತಪ್ಪಿ.

ದೇಹದ ಸಿದ್ಧತೆಯನ್ನು ಮರೆಯುವವರೇ ಹೆಚ್ಚು. ಅನೇಕ ಕಾಲೇಜು ಟೂರ್ನಿಗಳು 54 ಹೋಲಿನವು, ಮೊದಲ ದಿನವೇ 36 ಮುಗಿಸುವ ರೂಢಿಯೂ ಇದೆ. ಕ್ಯಾಡಿ ಇರುವುದಿಲ್ಲ, ಬ್ಯಾಗನ್ನು ತಾನೇ ಹೊರಬೇಕು, ಇಲ್ಲವೇ ಕೈಗಾಡಿಯಲ್ಲಿ ತಳ್ಳಬೇಕು. ಹದಿನೈದು ಕಿಲೋಮೀಟರಿಗೂ ಹೆಚ್ಚು ನಡಿಗೆ. ಎರಡನೇ ಸುತ್ತಿನ ನಡುವೆ ಕಾಲು ಸೋತರೆ ಮೈ ತಿರುಗದೆ ಕೈಯೊಂದೇ ಹೊಡೆಯತೊಡಗುತ್ತದೆ, ಆಗ ಚೆಂಡು ಎಡಕ್ಕೂ ಬಲಕ್ಕೂ ಚದುರುತ್ತದೆ. ತಿಂಗಳಿಗೊಮ್ಮೆ ನಡೆದೇ 36 ಹೋಲ್ ಆಡಿಸಿ. ಹಸಿವಾಗುವವರೆಗೆ ಕಾಯದೆ ನಾಲ್ಕೈದು ಹೋಲಿಗೊಮ್ಮೆ ಏನಾದರೂ ತಿನ್ನಲಿ.

ಓದಿನ ಲೆಕ್ಕ ಒಂಬತ್ತನೇ ತರಗತಿಯಿಂದಲೇ ಶುರು. ಡಿವಿಷನ್ ಒಂದಕ್ಕೆ 16 ಕೋರ್ ವಿಷಯಗಳು (ಇಂಗ್ಲಿಷ್, ಗಣಿತ, ವಿಜ್ಞಾನದಂಥ ಮುಖ್ಯ ಪಾಠಗಳು) ಬೇಕು, ಅವುಗಳಲ್ಲಿ ಕನಿಷ್ಠ 2.3 ಜಿಪಿಎ. ಅದರಲ್ಲೂ 10 ವಿಷಯಗಳು ಹನ್ನೆರಡನೇ ತರಗತಿ ಆರಂಭವಾಗುವ ಮೊದಲೇ ಮುಗಿದಿರಬೇಕು. ಶಾಲೆ ಕಲಿಸುವ ಎಲ್ಲ ವಿಷಯವೂ ಕೋರ್ ಎನಿಸಿಕೊಳ್ಳುವುದಿಲ್ಲ. ಎನ್‌ಸಿಎಎ ಒಪ್ಪಿರುವ ಪಟ್ಟಿಯನ್ನು ಶಾಲೆಯ ಕೌನ್ಸೆಲರ್ ಜೊತೆ ಕೂತು ಈ ವರ್ಷವೇ ತಾಳೆ ನೋಡಿ. ಕೊನೆಯ ವರ್ಷದಲ್ಲಿ ಕಂಡುಕೊಂಡರೆ ತಿದ್ದುವುದು ಕಷ್ಟ.

ಮುಂದೆ ಆಫರ್ ಬಂದಾಗ ಒಂದು ಎಚ್ಚರ. ಬಾಯಿಮಾತಿನ ಆಫರ್ ಎರಡೂ ಕಡೆಯವರನ್ನು ಕಟ್ಟಿಹಾಕುವುದಿಲ್ಲ. ಕಾಲೇಜು ಸೇರುವುದಾಗಿ ಆಟಗಾರರು ಸಹಿ ಹಾಕುತ್ತಿದ್ದ ಹಳೆಯ ‘ನ್ಯಾಷನಲ್ ಲೆಟರ್ ಆಫ್ ಇಂಟೆಂಟ್’ 2024ರಲ್ಲೇ ರದ್ದಾಗಿದೆ. ಈಗ ಸಹಿ ಬೀಳುವುದು ಕಾಲೇಜು ಕೊಡುವ ನೆರವಿನ ಒಪ್ಪಂದಕ್ಕೆ. ಎಷ್ಟು ಮೊತ್ತ, ಎಷ್ಟು ವರ್ಷಕ್ಕೆ, ಗಾಯವಾದರೆ ಏನು, ಕೋಚ್ ಬದಲಾದರೆ ಏನು, ಈ ನಾಲ್ಕಕ್ಕೂ ಉತ್ತರ ಬರಹದಲ್ಲಿ ಸಿಗುವ ತನಕ ಉಳಿದ ಕೋಚ್‌ಗಳಿಗೆ ‘ಬೇಡ’ ಎಂದು ಬರೆಯಬೇಡಿ.