ಕೇಳಿ ಹೇಳ್ತೀವಿ: ಐಮರ ಎಲ್ಲಪ್ಪ?

ಎರಡು ಸಂಚಿಕೆ ಹಿಂದೆ ಲೆಗೊ ಬ್ರಿಕ್ಕಲ್ಲಿ ಸ್ವಂತ ಮಾಡೆಲ್ ಕಟ್ಟೋದ್ರ ಬಗ್ಗೆ ನಾಲ್ಕು ಸಾಲು ಬರೆದಿದ್ದೆ ಅಷ್ಟೆ, ಕೊಡಗಿನ ಮೂಲೆ ಮೂಲೆಯಿಂದ ಪತ್ರ, ಮೆಸೇಜು ಬಂದಿದೆ. ಇಷ್ಟು ಜನ ಬಾಗಿಲು ಹಾಕ್ಕೊಂಡು ಕಟ್ತಿದ್ದೀರಾ ಅಂತ ಗೊತ್ತೇ ಇರ್ಲಿಲ್ಲ. ಬೈದೂ ಒಂದು ಬಂದಿದೆ, ಅದು ಆಮೇಲೆ.

ಪ್ರಶ್ನೆ: ನಮಸ್ಕಾರ ಅಣ್ಣ. ವಿರಾಜಪೇಟೆ ಹತ್ರ ಚಿಕ್ಕ ಕಾಫಿ ತೋಟ ನಮ್ದು, ವಯಸ್ಸು 38. ಮಗನಿಗೆ ಅಂತ ತಂದ ಲೆಗೊ ಈಗ ಅವನಿಗಿಂತ ನನಗೇ ಹುಚ್ಚು ಹಿಡಿಸಿದೆ. ಹೋದ ಕಕ್ಕಡ ತಿಂಗಳಲ್ಲಿ ಮಳೆ ಬಿಡ್ಲೇ ಇಲ್ಲ, ಕರೆಂಟೂ ಇಲ್ಲ, ಆಗ ಕೂತು ನಮ್ಮ ಮನೆತನದ ಮೂಲ ಮನೆ, ಐನ್‌ಮನೆನೇ ಕಟ್ಟಿದೆ, ಹೆಚ್ಚುಕಮ್ಮಿ ಎರಡು ಸಾವಿರ ಪೀಸು, ಯಾವ ಸೆಟ್ಟೂ ನೋಡಿ ಅಲ್ಲ. ಆನ್‌ಲೈನಲ್ಲಿ ಬೇರೆಯವ್ರದ್ದು ನೋಡಿದ್ರೆ ಕೋಟೆ ಏನು, ಹಡಗು ಏನು, ನಮ್ದು ಹಾಕೋಕೆ ನಾಚಿಕೆ ಆಗುತ್ತೆ. ಧೈರ್ಯ ಮಾಡಿ ಒಂದ್ಸಲ ಹಾಕ್ದೆ, ಫೋಟೋ ಪೂರ್ತಿ ಮಿಂಚ್ತಾ ಇತ್ತು, ಬಂದಿದ್ದು ಎರಡು ಲೈಕು, ಅದ್ರಲ್ಲಿ ಒಂದು ನಮ್ಮ ಭಾವಂದು. ಸರಿಯಾಗಿ ಹೇಗೆ ಹಾಕೋದು?

ಉತ್ತರ: ಕೋಟೆ, ಹಡಗು ದಿನಾ ಬರ್ತಾನೇ ಇರ್ತವೆ, ಐನ್‌ಮನೆ ಎಷ್ಟು ಬರುತ್ತೆ ಹೇಳಿ? ನಾನು ನೋಡಿರೋದು ಬೆರಳೆಣಿಕೆ, ಅದ್ರಲ್ಲೂ ಒಂದು ನಂದೇ. ಅದ್ರ ಕಥೆ ಕೇಳಿ. ಮೊದಲನೇ ಸಲ ಹಾಕಿದಾಗ ಕೆಳಗೆ ಬರೆದಿದ್ದು ಬರೀ 'ನನ್ನ ಹೊಸ ಮಾಡೆಲ್' ಅಂತ. ಹೊರದೇಶದ ಒಬ್ರು ಬಂದು ಇದು ಯಾವ ದೇವಸ್ಥಾನ ಅಂತ ಕೇಳಿದ್ರು. ಅದೇ ಸಂಜೆ ನಮ್ಮ ದೊಡ್ಡಪ್ಪ ಫೋನ್ ಮಾಡಿ, "ಎಲ್ಲಾ ಸರಿ ಕಣೋ, ಐಮರ ಎಲ್ಲಪ್ಪ? ಹಿರಿಯರೇನು ನೆಲದ ಮೇಲೆ ಕೂತ್ಕೋಬೇಕಾ?" ಅಂದ್ರು. ಅಂದ್ರೆ ಹೊರಗಿನವ್ರಿಗೆ ನಾನು ಏನೂ ಹೇಳಿರ್ಲಿಲ್ಲ, ಮನೆಯವ್ರಿಗೆ ಬೇಕಾಗಿದ್ದನ್ನ ಕಟ್ಟೇ ಇರ್ಲಿಲ್ಲ, ಎರಡೂ ಕಡೆಯಿಂದ ಹೊಡೆತ.

ಆಮೇಲೆ ಐಮರ ಕಟ್ಟಿದೆ. ಜಗುಲಿ ಕಂಬದ ಮಧ್ಯೆ ಅಗಲವಾದ ಆ ಮರದ ಹಲಗೆಗೆ ಕಂದು ಬಣ್ಣದ ಉದ್ದ ಟೈಲ್ ಹಾಕ್ದೆ, ನುಣ್ಣಗೆ ಚೆನ್ನಾಗೇ ಕಾಣ್ತಿತ್ತು, ಆದ್ರೆ ಟೈಲ್ ಮೇಲೆ ಬ್ರಿಕ್ಕಿಗಿರೋ ಹಾಗೆ ಉಬ್ಬಿದ ಗುಂಡಿ ಇರಲ್ವಲ್ಲ, ಮಿನಿಫಿಗ್ (ಲೆಗೊದ ಪುಟ್ಟ ಮನುಷ್ಯ ಗೊಂಬೆ) ಅಜ್ಜನ್ನ ಕೂರಿಸಿದ್ರೆ ಜಾರಿ ಅಂಗಳಕ್ಕೆ ಬೀಳ್ತಾನೆ. ಮೂರು ದಿನ ತಲೆ ಕೆಡಿಸ್ಕೊಂಡು ಕೊನೆಗೆ ಮಧ್ಯದಲ್ಲಿ ಒಂದೇ ಒಂದು ಜಂಪರ್ ಪ್ಲೇಟ್ ಇಟ್ಟೆ, ಅದಕ್ಕೆ ನಡುವೆ ಒಂದೇ ಗುಂಡಿ, ಅಜ್ಜ ಗಟ್ಟಿಯಾಗಿ ಕೂತ. ಈ ಜಾರಿ ಬಿದ್ದ ಕಥೆ, ಜಂಪರ್ ಪ್ಲೇಟಿನ ಕ್ಲೋಸಪ್ಪು, ಎರಡನ್ನೂ ಸೇರಿಸಿ ಮತ್ತೆ ಹಾಕ್ದೆ ನೋಡಿ, ಮಾತಾಡೋಕೆ ಜನ ಬಂದ್ರು. ಕಟ್ಟೋರಿಗೆ ಬೇಕಾಗಿರೋದು ಅದು. ಮುಗಿದ ಮಾಡೆಲ್ ನೋಡಿ ಸೂಪರ್ ಅಂತ ಮುಂದೆ ಹೋಗ್ತಾರೆ, ಒಳಗೆ ಹೇಗೆ ಸೇರ್ಸಿದೀರಿ ಅಂತ ತೋರ್ಸಿದ್ರೆ ನಿಲ್ತಾರೆ.

ಹಾಗಾಗಿ ನಿಮ್ಮ ಐನ್‌ಮನೆಗೆ ಐದಾರು ಫೋಟೋ ಸಾಕು, ಮೂವತ್ತು ಬೇಡ. ಎದುರಿಂದ ಒಂದು, ಓರೆಯಾಗಿ ಒಂದು, ಛಾವಣಿ ತೆಗೆದು ನೆಲ್ಲಕ್ಕಿ ನಡುಬಾಡೆ, ಅಂದ್ರೆ ನಡುಮನೆ, ಕಾಣೋ ಹಾಗೆ ಒಂದು, ದೀಪದ ಜಾಗ ಇದ್ರೆ ಅದ್ರ ಹತ್ರದ್ದು ಒಂದು, ಕಟ್ತಾ ಇರುವಾಗ ಅರ್ಧಂಬರ್ಧ ಇದ್ದಿದ್ದು ಒಂದು. ಛಾವಣಿ ಬಿಚ್ಚೋಕೆ ಬರೋ ಹಾಗೆ ಕಟ್ಟಿಲ್ಲ ಅಂದ್ರೆ ಮುಂದಿನ ಮಳೆಗಾಲಕ್ಕೆ ಅದೇ ಕೆಲ್ಸ.

ಮಿಂಚೋದು ಫ್ಲ್ಯಾಶಿಂದ. ಬ್ರಿಕ್ಕು ಎಬಿಎಸ್ ಪ್ಲಾಸ್ಟಿಕ್, ನುಣ್ಣಗೆ ಹೊಳೆಯುತ್ತೆ, ಫ್ಲ್ಯಾಶ್ ಬಿದ್ರೆ ಕನ್ನಡಿ ಥರ ವಾಪಸ್ ಹೊಡೆಯುತ್ತೆ. ಬಿಸಿಲಿಗಿಟ್ರೂ ಸುಖ ಇಲ್ಲ, ನೆರಳು ಕತ್ತರಿಸಿದ ಹಾಗೆ ಬೀಳುತ್ತೆ. ಒಳ್ಳೇ ಬೆಳಕು ಅಂದ್ರೆ ಮೋಡದ್ದು, ಅದು ನಮ್ಮೂರಲ್ಲಿ ಜೂನಿಂದ ಸೆಪ್ಟೆಂಬರ್ ತನಕ ಪುಕ್ಕಟೆ. ಕಿಟಕಿ ಪಕ್ಕ ಟೇಬಲ್ ಇಟ್ಟು, ಸ್ಟೇಷನರಿ ಅಂಗಡಿ ಬಿಳಿ ಡ್ರಾಯಿಂಗ್ ಶೀಟ್ ಒಂದನ್ನ ಗೋಡೆಗೆ ಅಂಟಿಸಿ ಮಡಿಕೆ ಬೀಳದ ಹಾಗೆ ಬಾಗಿಸಿ ಟೇಬಲ್ ಮೇಲೆ ಇಳಿಬಿಡಿ, ಹಿಂದೆ ಗೆರೆ ಕಾಣಲ್ಲ. ಕಿಟಕಿಯ ಎದುರು ಬದಿಗೆ ಇನ್ನೊಂದು ಬಿಳಿ ಹಾಳೆ ನಿಲ್ಸಿದ್ರೆ ಕತ್ತಲೆ ಮಗ್ಗುಲಿಗೂ ಬೆಳಕು ಹೋಗುತ್ತೆ. ಫೋನನ್ನ ಮೇಲಿಂದ ಹಿಡೀಬೇಡಿ, ಮಿನಿಫಿಗ್ ಕಣ್ಣಿನ ಮಟ್ಟಕ್ಕೆ ಇಳಿಸಿ, ಆಗ ಮನೆ ಮನೆ ಥರ ಕಾಣುತ್ತೆ. ಮತ್ತೆ ಧೂಳು! ಬರಿಗಣ್ಣಿಗೆ ಕಾಣಲ್ಲ, ಫೋಟೋದಲ್ಲಿ ಒಂದೊಂದು ಎಳೆನೂ ಕಾಣುತ್ತೆ, ಮೆತ್ತನೆ ಪೇಂಟ್ ಬ್ರಷ್ಷಲ್ಲಿ ಒಂದ್ಸಲ ಗುಡಿಸಿಬಿಡಿ. ಮನುಷ್ಯರನ್ನ ಇಡದೆ ಬರೀ ಕಟ್ಟಡ ಹಾಕಿದ್ರೆ ಅಳತೆ ಗೊತ್ತಾಗಲ್ಲ. 1978ರಿಂದ ಮಿನಿಫಿಗ್ ಎತ್ತರ ಅದೇ ಸುಮಾರು 4 ಸೆಂಟಿಮೀಟರ್, ಬಾಗಿಲಲ್ಲಿ ಒಬ್ಬನ್ನ ನಿಲ್ಸಿ, ಪ್ರಪಂಚದ ಯಾವ ಮೂಲೆಯ ಬಿಲ್ಡರ್‌ಗೂ ಸೈಜು ಅರ್ಥ ಆಗುತ್ತೆ.

ಕೆಳಗೆ ಬರೆಯೋದು ಉದ್ದ ಬೇಡ, ಆದ್ರೆ ಖಾಲಿ ಬಿಡ್ಬೇಡಿ. ಐನ್‌ಮನೆ ಅಂದ್ರೆ ಕೊಡವ ಒಕ್ಕದ ಮೂಲ ಮನೆ, ಐಮರ ಯಾವುದಕ್ಕೆ, ಎಷ್ಟು ಪೀಸು, ಎಷ್ಟು ದಿನ, ಎಲ್ಲಿ ಕಷ್ಟ ಆಯ್ತು. ಇಂಥ ಸ್ವಂತ ಮಾಡೆಲ್‌ಗೆ ಈ ಹವ್ಯಾಸದವ್ರು ಎಂಒಸಿ ಅಂತಾರೆ, ಮೈ ಓನ್ ಕ್ರಿಯೇಷನ್, ಆ ಪದ ಹಾಕಿದ್ರೆ ಹುಡುಕೋರಿಗೆ ಸಿಗುತ್ತೆ. ಅಂಗಳ ಖಾಲಿ ಇದ್ರೆ ಕಾಫಿ ಒಣಗಿಸೋ ಕಣ ಮಾಡಿ, ಮರಳು ಬಣ್ಣದ ಪ್ಲೇಟಿನ ಮೇಲೆ ಒಂದು ಗುಂಡಿಯ ದುಂಡು ಪ್ಲೇಟುಗಳನ್ನ ಸುಮ್ನೆ ಹರವಿ, ಒತ್ತಬೇಡಿ. ಕೆಂಪು ಒಂದೇ ಹಾಕಿದ್ರೆ ಈಗಷ್ಟೇ ಕುಯ್ದು ತಂದ ಹಾಗಿರುತ್ತೆ, ಕಡುಗೆಂಪು, ಕಂದು ಬೆರೆಸಿದ್ರೆ ನಾಲ್ಕು ದಿನ ಒಣಗಿದ ಹಣ್ಣು. ತೋಟದವ್ರಿಗೆ ಇದನ್ನೆಲ್ಲಾ ನಾನು ಹೇಳ್ಬೇಕಾ!

ಪ್ರಶ್ನೆ: ಮಡಿಕೇರಿ ದಸರಾ ಮೆರವಣಿಗೆಯ ಮಂಟಪ ಒಂದನ್ನ, ದೇವರು-ಅಸುರರ ಆಡೋ ಮೂರ್ತಿ ಇರುತ್ತಲ್ಲ ಅದನ್ನ, ಬ್ರಿಕ್ಕಲ್ಲಿ ಮಾಡ್ತಿದ್ದೀನಿ, ಅಸುರನ ಕೈ ಆಡ್ಬೇಕು ಅಂತ ಮೋಟರ್ ಹಾಕಿದ್ರೆ ಬೀಸಣಿಗೆ ಥರ ಬೀಸ್ತಾನೆ. ಇನ್ನೊಂದು, ಆನ್‌ಲೈನಲ್ಲಿ ವೋಟ್ ಹಾಕಿಸ್ಕೊಂಡ್ರೆ ಕಂಪನಿಯವ್ರೇ ಸೆಟ್ ಮಾಡ್ತಾರಂತಲ್ಲ, ಮಂಟಪ ಕಳಿಸ್ಲಾ? — ಮಡಿಕೇರಿ ಓದುಗ

ಉತ್ತರ: ಮೋಟರಿಂದ ನೇರ ಕೈಗೆ ಕೊಡ್ಬೇಡಿ. ಮಧ್ಯೆ ಸ್ಕ್ರೂ ಥರ ಇರೋ ವರ್ಮ್ ಗೇರ್ ಹಾಕಿ 24 ಹಲ್ಲಿನ ಗೇರಿಗೆ ಸೇರಿಸಿ, ವರ್ಮ್ 24 ಸುತ್ತು ತಿರುಗಿದ್ರೆ ಆ ಗೇರು ಒಂದೇ ಸುತ್ತು. ಆ ಗೇರಿನ ಅಂಚಿಗೊಂದು ಪಿನ್, ಪಿನ್ನಿಂದ ಒಂದು ಕಡ್ಡಿ ಕೈಗೆ. ದಶಮಂಟಪದಲ್ಲಿ ನೋಡಿದ್ದೀವಲ್ಲ, ಕತ್ತಿ ಹಿಡಿದ ಕೈ ನಿಧಾನಕ್ಕೆ ಏಳುತ್ತಲ್ಲ, ಹಾಗೇ ಏಳುತ್ತೆ. ಇದನ್ನ ಫೋಟೋದಲ್ಲಿ ಹಾಕಿ ಪ್ರಯೋಜನ ಇಲ್ಲ, ಹದಿನೈದು ಸೆಕೆಂಡ್ ವಿಡಿಯೋ ಹಾಕಿ, ಕೊನೇ ಐದು ಸೆಕೆಂಡ್ ಹಿಂದುಗಡೆ ಗೇರು ತೋರ್ಸಿ. ದಯವಿಟ್ಟು ಸಿನಿಮಾ ಹಾಡು ಸೇರಿಸ್ಬೇಡಿ, ಗೇರಿನ ಕಟಕಟ ಸದ್ದೇ ಚೆನ್ನ.

ನೀವು ಹೇಳ್ತಿರೋದು ಲೆಗೊ ಐಡಿಯಾಸ್. 10,000 ಜನರ ಬೆಂಬಲ ಸಿಕ್ರೆ ಕಂಪನಿಯವ್ರು ಪರಿಶೀಲನೆಗೆ ತಗೋತಾರೆ, ತಗೊಂಡ್ರೆ ಸೆಟ್ ಆಗುತ್ತೆ ಅಂತ ಗ್ಯಾರಂಟಿ ಇಲ್ಲ, ಸೆಟ್ ಆಯ್ತು ಅಂದ್ರೆ ಡಿಸೈನ್ ಮಾಡಿದವ್ರಿಗೆ ಮಾರಾಟದ ನಿವ್ವಳದಲ್ಲಿ 1 ಪರ್ಸೆಂಟ್. ಆದ್ರೆ ನಿಮಗೆ ಬೇಜಾರಾಗೋ ಮಾತೊಂದಿದೆ. ಧರ್ಮಕ್ಕೆ ಸಂಬಂಧಪಟ್ಟ ಚಿಹ್ನೆ, ಕಟ್ಟಡ, ವ್ಯಕ್ತಿಗಳನ್ನ ಅಲ್ಲಿ ತಗೊಳ್ಳಲ್ಲ, ಅದು ಅವ್ರ ನಿಯಮ, ಯಾವ ಧರ್ಮ ಆದ್ರೂ ಅಷ್ಟೆ. ಹಾಗಾಗಿ ಮಂಟಪ ಆಗಲ್ಲ, 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಸ್ಥಾನನೂ ಆಗಲ್ಲ, ಗುಮ್ಮಟ ಎಷ್ಟೇ ಚೆನ್ನಾಗಿ ಬಂದಿರ್ಲಿ. ಕಳಿಸ್ಲೇಬೇಕು ಅಂದ್ರೆ ಕಕ್ಕಬೆ ಹತ್ರ ದೊಡ್ಡವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆ ನೋಡಿ. ಮಂಟಪವನ್ನ ಹವ್ಯಾಸಿಗಳ ಜೊತೆ ಹಂಚ್ಕೊಳ್ಳೋಕೆ ಈ ನಿಯಮ ಅಡ್ಡ ಬರಲ್ಲ, ಧಾರಾಳವಾಗಿ ಹಾಕಿ.

ಪ್ರಶ್ನೆ: ಮಗನಿಗೆ 11 ವರ್ಷ, ಕಟ್ಟಿದ್ದನ್ನೆಲ್ಲಾ ನೆಟ್ಟಲ್ಲಿ ಹಾಕು ಹಾಕು ಅಂತ ಪ್ರಾಣ ತಿಂತಾನೆ. ಬಿಡ್ಬಹುದಾ? — ಕುಶಾಲನಗರದ ತಾಯಿ

ಉತ್ತರ: ಬಿಡಿ ಅಕ್ಕ, ಆದ್ರೆ ಅಕೌಂಟ್ ನಿಮ್ಮದಿರ್ಲಿ, ಹೆಚ್ಚಿನ ಸೋಶಿಯಲ್ ಮೀಡಿಯಾದಲ್ಲಿ 13 ತುಂಬದವ್ರಿಗೆ ಅಕೌಂಟೇ ಇಲ್ಲ. ಫೋಟೋದಲ್ಲಿ ಮಾಡೆಲ್ ಸಾಕು, ಅವನ ಮುಖ ಬೇಡ, ಹಿಂದೆ ನೇತಾಕಿರೋ ಯೂನಿಫಾರ್ಮು, ಸ್ಕೂಲ್ ಬ್ಯಾಗು ಕಾಣದ ಹಾಗೆ ನೋಡ್ಕೊಳ್ಳಿ. ಫೋನ್ ಕ್ಯಾಮೆರಾದಲ್ಲಿ ಲೊಕೇಶನ್ ಆಫ್ ಮಾಡಿ, ಇಲ್ಲಾಂದ್ರೆ ಫೋಟೋ ಒಳಗೇ ಮನೆ ಜಾಗ ಸೇರ್ಕೊಂಡಿರುತ್ತೆ. ಯಾರಾದ್ರೂ ಪ್ರೈವೇಟಾಗಿ ಮೆಸೇಜ್ ಮಾಡಿದ್ರೆ ಮೊದ್ಲು ಓದೋದು ನೀವು. 'ಗೋಡೆ ಜೋಡಣೆ ವೀಕ್ ಇದೆ, ಬ್ರಿಕ್ ಒಂದರ ಮೇಲೊಂದು ನೇರಕ್ಕೆ ಬಂದಿದೆ' ಅಂತ ಯಾರಾದ್ರೂ ಬರೆದ್ರೆ ಹುಡುಗ ಮುಖ ಊದಿಸ್ಕೊಳ್ಬಹುದು. ಅದು ಬೈಗುಳ ಅಲ್ಲ, ನಮ್ಮ ಗಾರೆ ಮೇಸ್ತ್ರಿನೂ ಅದನ್ನೇ ಹೇಳೋದು.

ಪ್ರಶ್ನೆ: ಹಿಡಿ ತಿರುಗಿಸಿದ್ರೆ ಕೆಲಸ ಮಾಡೋ ಕಾಫಿ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸೋ ಮಿಷನ್ನು) ಬ್ರಿಕ್ಕಲ್ಲಿ ಮಾಡಿ, ಕಟ್ಟೋ ವಿಧಾನದ ಫೈಲನ್ನೂ ಫ್ರೀಯಾಗಿ ಹಂಚಿದ್ದೆ. ಈಗ ಯಾರೋ ಅದನ್ನೇ ತಮ್ಮದು ಅಂತ ದುಡ್ಡಿಗೆ ಮಾರ್ತಿದ್ದಾರೆ. ಹೊಟ್ಟೆ ಉರೀತಿದೆ. — ಸೋಮವಾರಪೇಟೆ, ಇಂಜಿನಿಯರಿಂಗ್ ವಿದ್ಯಾರ್ಥಿ

ಉತ್ತರ: ಉರೀಲೇಬೇಕು. ಆದ್ರೆ ಮೊದ್ಲು ತಣ್ಣಗೆ ಕೂತು ಎರಡನ್ನೂ ಹೋಲಿಸಿ ನೋಡು, ಅವ್ರೂ ಒಂದು ಪಲ್ಪರ್ ಕಟ್ಟಿದ್ದಾರೆ ಅನ್ನೋದಕ್ಕೂ ನಿನ್ನ ಫೈಲೇ ಎತ್ತಿದ್ದಾರೆ ಅನ್ನೋದಕ್ಕೂ ವ್ಯತ್ಯಾಸ ಇದೆ. ಪಲ್ಪರ್ ಯಾರಪ್ಪನ ಸ್ವತ್ತೂ ಅಲ್ಲ. ನಿನ್ನ ಚಿತ್ರ, ನಿನ್ನ ಹಂತಗಳು ಹಾಗೇ ಇದ್ರೆ ಅದು ಕದ್ದಿದ್ದೇ. ನಿನ್ನ ಮೂಲ ಫೈಲು, ಮೊದಲು ಹಾಕಿದ ದಿನದ ಪೋಸ್ಟು, ಕಟ್ಟುವಾಗಿನ ಫೋಟೋ, ಎಲ್ಲಾ ಒಂದ್ಕಡೆ ತೆಗೆದಿಡು, ಆಮೇಲೆ ಅವ್ರಿಗೇ ಮರ್ಯಾದೆಯಿಂದ ಒಂದು ಮೆಸೇಜ್ ಹಾಕು, ಎಷ್ಟೋ ಸಲ ಅಷ್ಟಕ್ಕೇ ತೆಗೀತಾರೆ. ಇಲ್ಲಾಂದ್ರೆ ಮಾರ್ತಿರೋ ಜಾಗದವ್ರಿಗೆ ಈ ದಾಖಲೆ ಕೊಟ್ಟು ದೂರು ಕೊಡು. ಮುಂದಿನ ಸಲ ಫೈಲಿನ ಪ್ರತಿ ಪುಟದಲ್ಲೂ ಹೆಸರು ಹಾಕು, ಫ್ರೀ ಆದ್ರೂ ಮಾರೋ ಹಾಗಿಲ್ಲ ಅಂತ ಬರಿ. ರಿಬ್ರಿಕಬಲ್ ಥರದ ವೆಬ್‌ಸೈಟಲ್ಲಿ ಫ್ರೀಯಾಗೂ ಕೊಡ್ಬಹುದು, ಬೆಲೆ ಇಟ್ಟೂ ಮಾರ್ಬಹುದು, ನಿನ್ನಂಥೋನು ಕಾಲೇಜು ಖರ್ಚಿಗೆ ಒಂದಿಷ್ಟು ಮಾಡ್ಕೊಂಡ್ರೆ ಯಾರೂ ಬೈಯಲ್ಲ. ನೀನೂ ಇನ್ನೊಬ್ರ ಗೇರ್ ಐಡಿಯಾ ತಗೊಂಡಿದ್ರೆ ಅವ್ರ ಹೆಸ್ರು ಹಾಕೋದು ಮರೀಬೇಡ.

ಪ್ರಶ್ನೆ: ಗಡ್ಡ ಬೆಳ್ಳಗಾದವ್ರು ಆಟಿಕೆ ಇಟ್ಕೊಂಡು ಫೋಟೋ ಹಾಕೋದು, ಅದಕ್ಕೆ ಪತ್ರಿಕೆಯಲ್ಲಿ ಜಾಗ ಬೇರೆ! — ನಾಪೋಕ್ಲು

ಉತ್ತರ: ಯಜಮಾನ್ರೇ, ಎರಡು ಸಾಲು, ಸಾಲಿಗೆ ನಾಲ್ಕು ಗುಂಡಿ ಇರೋ ಒಂದೇ ಬಣ್ಣದ ಬ್ರಿಕ್ಕು ಬರೀ ಆರು ಇದ್ರೆ ಅದನ್ನ 91,51,03,765 ಥರ ಜೋಡಿಸ್ಬಹುದು. ಇಸ್ಪೀಟು ಬಿಟ್ಟು ಬನ್ನಿ, ಒಟ್ಟಿಗೆ ಲೆಕ್ಕ ಹಾಕೋಣ.

ಪ್ರಶ್ನೆ: ಒರಿಜಿನಲ್ ಲೆಗೊ ತಗೊಳ್ಳೋಕೆ ಕೈಲಾಗಲ್ಲ, ಗೋಣಿಕೊಪ್ಪದ ಅಂಗಡೀಲಿ ಸಿಗೋ ಲೋಕಲ್ ಬ್ರಿಕ್ಕಲ್ಲಿ ಕಟ್ಟೋದು. ಹಾಕಿದ್ರೆ ನಗ್ತಾರಾ?

ಉತ್ತರ: ರೇಟು ಯಾಕಿಷ್ಟು ಅಂದ್ರೆ, ಆಟಿಕೆ ಮೇಲಿನ ಆಮದು ಸುಂಕ 2020ರಲ್ಲಿ 20ರಿಂದ 60 ಪರ್ಸೆಂಟಿಗೆ ಹೋಯ್ತು, 2023ರಲ್ಲಿ 70 ಆಯ್ತು, ಬೆಲೆ ಏರೋಕೆ ಅದೂ ಒಂದು ಕಾರಣ. ಮೇಲೆ ಗುಂಡಿ, ಒಳಗೆ ಕೊಳವೆ ಇರೋ ಈ ಲೆಗೊ ಬ್ರಿಕ್ಕಿಗೆ ಡೆನ್ಮಾರ್ಕಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದು 1958ರಲ್ಲಿ, ಆ ಅವಧಿ ಮುಗಿದು ದಶಕಗಳೇ ಆದ್ವು, ಬೇರೆಯವ್ರು ಬ್ರಿಕ್ ಮಾಡೋದ್ರಲ್ಲಿ ತಪ್ಪಿಲ್ಲ. ಕೆಲವು ಗುಂಪಿನವ್ರು ಲೆಗೊ ಬಿಟ್ಟು ಬೇರೇದು ಹಾಕೋಕೆ ಬಿಡಲ್ಲ, ಅಲ್ಲಿ ನಿಯಮ ಓದ್ಕೊಂಡು ಹೋಗಿ. ಉಳಿದ ಕಡೆ ಲೋಕಲ್ ಬ್ರಿಕ್ ಅಂತ ಮೊದಲ ಸಾಲಲ್ಲೇ ಬರೆದುಬಿಡಿ. ಕಂಪ್ಯೂಟರ್ ಇದ್ರೆ ಸ್ಟುಡಿಯೋ ಅನ್ನೋ ಸಾಫ್ಟ್‌ವೇರ್ ಫ್ರೀ, ಒಂದೂ ಬ್ರಿಕ್ ಕೊಳ್ಳದೆ ಅದ್ರಲ್ಲೇ ಕಟ್ಟಿ ಚಿತ್ರ ತೆಗೀಬಹುದು, ಅದನ್ನೂ ಡಿಜಿಟಲ್ ಅಂತ ಹೇಳಿ ಹಾಕಿ, ಯಾಕಂದ್ರೆ ಸ್ಕ್ರೀನ್ ಮೇಲೆ ಛಾವಣಿ ಕುಸಿಯಲ್ಲ. ನಿಮ್ಮ ಲೋಕಲ್ ಬ್ರಿಕ್ಕಲ್ಲಿ ಏನು ಕಟ್ಟಿದ್ದೀರಿ ಅಂತ ಮಾತ್ರ ಬರೆದೇ ಇಲ್ವಲ್ಲ, ಫೋಟೋ ಕಳಿಸಿ.