ಎಂಟನೆಯವರ ಹೆಸರೂ ಬರೆಯಿರಿ

ಓದುಗರ ಪ್ರಶ್ನೆ, ಅಥ್ಲೆಟಿಕ್ಸ್ ವಿಶೇಷ
ಉತ್ತರ: ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕಿ, ಕಲಬುರಗಿ

ಪ್ರಶ್ನೆ: ಮೊಬೈಲಿನಲ್ಲಿ ಅಮೆರಿಕದ ಕಾಲೇಜು ಮಕ್ಕಳ ಇಂಡೋರ್ ಅಥ್ಲೆಟಿಕ್ಸ್ ನೋಡಿದೆ. ಕಾನ್ಫರೆನ್ಸ್ ಚಾಂಪಿಯನ್‌ಶಿಪ್ ಅಂತ ಬರೆದಿತ್ತು. ಇದು ನಮ್ಮ ಅಂತರ ಕಾಲೇಜು ಕೂಟದ ಹಾಗೇನಾ? ಛಾವಣಿ ಕೆಳಗೆ ಯಾಕೆ ಓಡುತ್ತಾರೆ? 100 ಮೀಟರ್, ಜಾವೆಲಿನ್ ಯಾಕಿಲ್ಲ?
— ಪದವಿ ವಿದ್ಯಾರ್ಥಿ, ಕಲಬುರಗಿ

ಹೆಚ್ಚೂಕಮ್ಮಿ ಹಾಗೇ. ಆದರೆ ನಮ್ಮಲ್ಲಿ ಒಂದು ವಿಶ್ವವಿದ್ಯಾಲಯ, ಅದಕ್ಕೆ ಸೇರಿದ ಹತ್ತಾರು ಕಾಲೇಜು. ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ ಶುರುವಾದಾಗ ಬೀದರ್, ರಾಯಚೂರು, ಬಳ್ಳಾರಿ ಕಡೆಯ ಮಕ್ಕಳೂ ಇಲ್ಲಿನ ಕೂಟಕ್ಕೇ ಬರುತ್ತಿದ್ದರು. ಆಮೇಲೆ ಬಳ್ಳಾರಿ, ರಾಯಚೂರು, ಬೀದರ್ ಒಂದೊಂದಾಗಿ ಬೇರೆಯಾದವು. ಅಮೆರಿಕದಲ್ಲಿ ಒಂದೊಂದು ವಿಶ್ವವಿದ್ಯಾಲಯವೇ ಒಂದು ತಂಡ. ಅಂಥ ಹಲವು ತಂಡಗಳು ಸೇರಿದರೆ ಒಂದು ಕಾನ್ಫರೆನ್ಸ್. ಐವಿ ಲೀಗ್‌ನಲ್ಲಿ 8 ತಂಡಗಳಿವೆ, ಎಸ್‌ಇಸಿಯಲ್ಲಿ 16. 1896ರಲ್ಲಿ ಹುಟ್ಟಿದ ಬಿಗ್ ಟೆನ್‌ನಲ್ಲಿ ಈಗ 18. ದೊಡ್ಡ ಕಾನ್ಫರೆನ್ಸ್‌ಗಳ ಇಂಡೋರ್ ಕೂಟಗಳು ಫೆಬ್ರುವರಿ ಕೊನೆಯ ಹೊತ್ತಿಗೆ ನಡೆಯುತ್ತವೆ. ಅದಾದ ಮೇಲೆ ಮಾರ್ಚ್‌ನಲ್ಲಿ ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ರಾಷ್ಟ್ರೀಯ ಕೂಟ.

ಛಾವಣಿ ಯಾಕೆ ಅಂದರೆ ಚಳಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಅಲ್ಲಿ ಬಹಳ ಕಡೆ ಹಿಮ ಬಿದ್ದಿರುತ್ತದೆ. ನಮ್ಮಲ್ಲಿ ಏಪ್ರಿಲ್, ಮೇ ಬಿಸಿಲಿಗೆ ಹೆದರಿ ಮಕ್ಕಳು ಬೆಳಕು ಹರಿಯುವ ಮೊದಲೇ ಮೈದಾನಕ್ಕೆ ಬರುತ್ತಾರಲ್ಲ, ಅವರು ಹಿಮಕ್ಕೆ ಹೆದರಿ ಒಳಗೆ ಹೋಗುತ್ತಾರೆ.

ಒಳಗೆ ಜಾಗ ಕಡಿಮೆ. ಟ್ರ್ಯಾಕ್ ಒಂದು ಸುತ್ತಿಗೆ 200 ಮೀಟರ್, ಅಂದರೆ ನಾವು ಕಂಡ 400ರ ಅರ್ಧ. ನೇರ ಓಟಕ್ಕೆ ಜಾಗ ಸಿಗುವುದು 60 ಮೀಟರ್‌ಗೆ ಮಾತ್ರ. ಅದಕ್ಕೇ 100 ಮೀಟರ್ ಇಲ್ಲ. ಆ 60 ಮೀಟರ್ ಮುಗಿದ ಮೇಲೂ ಓಟಗಾರರು ಹಾರಿ ಹೋಗುತ್ತಿರುತ್ತಾರೆ. ಎದುರಿಗೆ ಗೋಡೆ. ಗೋಡೆಗೆ ದಪ್ಪ ಮೆತ್ತೆ ಕಟ್ಟಿರುತ್ತಾರೆ. ಗೆದ್ದವರೂ ಸೋತವರೂ ದಬದಬ ಅಂತ ಅದಕ್ಕೇ ಬಡಿದು ನಿಲ್ಲುತ್ತಾರೆ. ಮುಂದಿನ ಸಲ ವಿಡಿಯೊ ನೋಡುವಾಗ ಅದನ್ನು ಗಮನಿಸಿ.

ಜಾವೆಲಿನ್, ಡಿಸ್ಕಸ್, ಹ್ಯಾಮರ್ ಎಸೆಯಲು ಒಳಗೆ ಜಾಗವಿಲ್ಲ. ಶಾಟ್‌ಪುಟ್ ಇದೆ. ಹ್ಯಾಮರ್ ಬದಲಿಗೆ ‘ವೇಟ್ ಥ್ರೋ’ ಅಂತ ಒಂದಿದೆ. ಗಿಡ್ಡ ಹಿಡಿಕೆಯ ಭಾರದ ಗುಂಡು ಅದು. ಗಂಡುಮಕ್ಕಳಿಗೆ 15.88 ಕೆ.ಜಿ., ಹೆಣ್ಣುಮಕ್ಕಳಿಗೆ 9.07 ಕೆ.ಜಿ. ಜಂಪ್‌ಗಳು ನಾಲ್ಕೂ ಇವೆ. ಹರ್ಡಲ್ಸ್ ಕೂಡ 60 ಮೀಟರ್, ಅದಕ್ಕೆ ಐದೇ ಹರ್ಡಲ್. ನಮ್ಮ ಜ್ಯೋತಿ ಯರ್ರಾಜಿ 2024ರಲ್ಲಿ ಟೆಹರಾನ್‌ನ ಏಷ್ಯನ್ ಇಂಡೋರ್ ಕೂಟದಲ್ಲಿ ಇದನ್ನೇ 8.12 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. ಹೊರಗಿನ 100 ಮೀಟರ್ ಹರ್ಡಲ್ಸ್‌ನಲ್ಲಿ ಹತ್ತು ಇರುತ್ತವೆ. ಮೊದಲ ಐದರ ಅಳತೆ ಎರಡಕ್ಕೂ ಒಂದೇ. ಮೊದಲನೆಯದಕ್ಕೆ 13 ಮೀಟರ್, ಆಮೇಲೆ ಒಂದೊಂದಕ್ಕೆ 8.5 ಮೀಟರ್. ಅಂದರೆ ಒಳಗೆ ಕಲಿತದ್ದು ಒಂದೂ ವ್ಯರ್ಥ ಆಗುವುದಿಲ್ಲ.

ಪ್ರಶ್ನೆ: ನನ್ನ ಮಗ 400 ಮೀಟರ್ ಓಡುತ್ತಾನೆ. ಸ್ಟಾಪ್‌ವಾಚ್‌ನಲ್ಲಿ 49 ಸೆಕೆಂಡ್. ಇಂಡೋರ್‌ನಲ್ಲಿ ಗಾಳಿ ಇಲ್ಲ, ಬಿಸಿಲಿಲ್ಲ. ಅಲ್ಲಿ ಇನ್ನೂ ಜೋರಾಗಿ ಓಡಬಹುದು ಅಲ್ವಾ?
— ಒಬ್ಬ ತಂದೆ, ಹುಮನಾಬಾದ್

ಇಲ್ಲ, ಸಾಮಾನ್ಯವಾಗಿ ನಿಧಾನವೇ ಆಗುತ್ತದೆ. ಹೊರಗೆ 400 ಮೀಟರ್‌ಗೆ ಎರಡು ತಿರುವು. ಒಳಗೆ ನಾಲ್ಕು, ಅವೂ ಬಿಗಿಯಾದವು. ಅಷ್ಟು ವೇಗದಲ್ಲಿ ಬಿಗಿ ತಿರುವಿಗೆ ಬಂದರೆ ಮೈ ಹೊರಕ್ಕೆ ಎಳೆಯುತ್ತದೆ. ಅದನ್ನು ತಡೆಯಲು ತಿರುವಿನಲ್ಲಿ ಟ್ರ್ಯಾಕನ್ನು ಹೊರಗಡೆ ಎತ್ತರ ಮಾಡಿರುತ್ತಾರೆ, 10 ಡಿಗ್ರಿ ಆಸುಪಾಸು. ಕೆಲವು ಕಡೆ ಹೈಡ್ರಾಲಿಕ್ ಯಂತ್ರದಿಂದ ಬೇಕಾದಾಗ ಎತ್ತಿ, ಬೇಡವಾದಾಗ ಇಳಿಸುತ್ತಾರೆ. ಹೊರಗಿನ ಲೇನ್ ಸಿಕ್ಕವರಿಗೆ ತಿರುವು ಸ್ವಲ್ಪ ಸಡಿಲ. ಒಳಗಿನ ಲೇನ್ ಸಿಕ್ಕವರು ಕಾಲು ಮುರಿದುಕೊಂಡಂತೆ ತಿರುಗಬೇಕು. ಈ ಅನ್ಯಾಯಕ್ಕಾಗಿಯೇ ವಿಶ್ವ ಇಂಡೋರ್ ಕೂಟದಲ್ಲಿ 2004ರ ನಂತರ 200 ಮೀಟರ್ ಓಟವನ್ನೇ ಕೈಬಿಟ್ಟರು. ಕಾಲೇಜು ಕೂಟಗಳಲ್ಲಿ ಅದು ಇನ್ನೂ ಇದೆ.

400ರ ನಿಜವಾದ ಪರೀಕ್ಷೆ ಬೇರೆ. ಮೊದಲ ಎರಡು ತಿರುವು ತಮ್ಮ ತಮ್ಮ ಲೇನ್‌ನಲ್ಲಿ. ಅದು ಮುಗಿದ ಕೂಡಲೇ ಎಲ್ಲರೂ ಒಳಕ್ಕೆ ನುಗ್ಗುತ್ತಾರೆ. ಆ ಹೊತ್ತಿಗೆ ಯಾರು ಮುಂದಿದ್ದಾರೋ ಅವರಿಗೆ ದಾರಿ. ಹಿಂದೆ ಬಿದ್ದರೆ ಎತ್ತರದ ತಿರುವಿನ ಹೊರಗಿಂದ ಸುತ್ತಿ ಬರಬೇಕು. ಮೊಣಕೈ ತಗಲುತ್ತದೆ, ಸ್ಪೈಕ್ ತಗಲುತ್ತದೆ. ಹಾಗಾಗಿ ನಿಮ್ಮ ಮಗನಿಗೆ ಮೊದಲ 200 ಮೀಟರ್ ಧೈರ್ಯವಾಗಿ ಓಡುವುದನ್ನು ಕಲಿಸಿ. ಅದು ಎಲ್ಲಿ ಓಡಿದರೂ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಮಾತು. ಸ್ಟಾಪ್‌ವಾಚ್‌ನ 49.0ನ್ನು ಎಲೆಕ್ಟ್ರಾನಿಕ್ ಲೆಕ್ಕಕ್ಕೆ ತರುವಾಗ 400 ಮೀಟರ್‌ಗೆ 0.14 ಸೇರಿಸುತ್ತಾರೆ. 100, 200ಕ್ಕೆ 0.24. ಅಂದರೆ ಅವನ ಟೈಮ್ 49.14. ಎಸ್‌ಇಸಿಯಂಥ ದೊಡ್ಡ ಕಾನ್ಫರೆನ್ಸ್‌ನ ಫೈನಲ್‌ನಲ್ಲಿ 45, 46 ಸೆಕೆಂಡಿನವರು ಸಾಲಾಗಿ ನಿಂತಿರುತ್ತಾರೆ. 2024ರ ಎಸ್‌ಇಸಿ ಇಂಡೋರ್ ಕೂಟದಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಕೆನಡಾ ಹುಡುಗ ಕ್ರಿಸ್ಟೋಫರ್ ಮೊರಾಲೆಸ್ ವಿಲಿಯಮ್ಸ್ 44.49ಕ್ಕೆ ಓಡಿದ. ಆಗಿನ ವಿಶ್ವ ದಾಖಲೆ 44.57, ಕೆರ್ರನ್ ಕ್ಲೆಮೆಂಟ್ 2005ರಲ್ಲಿ ಮಾಡಿದ್ದು. ಆದರೂ ಹುಡುಗನ ಓಟ ವಿಶ್ವ ದಾಖಲೆಯಾಗಿ ದಾಖಲಾಗಲಿಲ್ಲ. ಅಲ್ಲಿ ಇಟ್ಟಿದ್ದ ಸ್ಟಾರ್ಟಿಂಗ್ ಬ್ಲಾಕ್ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ನಿಯಮಕ್ಕೆ ಹೊಂದುತ್ತಿರಲಿಲ್ಲ. ಇದನ್ನು ಓದಿದಾಗ ನನಗೆ ಬಹಳ ಸಂಕಟವಾಯಿತು. ಓಡಿದವನ ತಪ್ಪು ಏನೂ ಇಲ್ಲ. ಸಲಕರಣೆ, ಗಡಿಯಾರ, ಬರೆಯುವ ಹಾಳೆ ಇವೆಲ್ಲ ಸರಿಯಿರಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಪ್ರಶ್ನೆ: ಅಂತರ ಕಾಲೇಜು ಕೂಟದ ಲಾಂಗ್ ಜಂಪ್‌ನಲ್ಲಿ ಆರನೆಯವಳಾದೆ. ಸರ್ಟಿಫಿಕೇಟ್ ಇಲ್ಲ, ನೋಟಿಸ್ ಬೋರ್ಡ್‌ನಲ್ಲಿ ಹೆಸರೂ ಇಲ್ಲ. ಮನೆಯಲ್ಲಿ ‘ಸುಮ್ನೆ ಓದಿಕೋ’ ಅನ್ನುತ್ತಾರೆ. ಬಿಡಲಾ?
— ಬಿ.ಕಾಂ. ಎರಡನೇ ವರ್ಷ, ಚಿತ್ತಾಪುರ

ಬಿಡಬೇಡಮ್ಮ.

ನಾನು ಬಹಳ ವರ್ಷ ಕೂಟಗಳಲ್ಲಿ ಫಲಿತಾಂಶದ ಮೇಜಿನಲ್ಲಿ ಕೂತವಳು. ನಿನ್ನ ಹೆಸರು ಎಲ್ಲಿ ಕಳೆದುಹೋಯಿತು ಅಂತ ನನಗೆ ಗೊತ್ತು. ಪಿಟ್‌ನ ಹತ್ತಿರ ಇರುವ ಅಧಿಕಾರಿಯ ಹಾಳೆಯಲ್ಲಿ ಎಲ್ಲರ ಎಲ್ಲ ಜಿಗಿತದ ಅಳತೆಯೂ ಇರುತ್ತದೆ. ಫೌಲ್ ಆದರೆ ಅಡ್ಡಗುರುತು, ಸರಿಯಾದರೆ ಸೆಂಟಿಮೀಟರ್ ಸಮೇತ. ಆ ಹಾಳೆ ಮೇಜಿಗೆ ಬರುತ್ತದೆ. ಮೊದಲ ಮೂವರ ಹೆಸರನ್ನು ಬೇರೆ ಫಾರಂಗೆ ಇಳಿಸಿಕೊಂಡು ಮೂಲ ಹಾಳೆಯನ್ನು ಕಟ್ಟಿಗೆ ಸೇರಿಸುತ್ತಾರೆ. ಸಂಜೆ ಮೈಕ್‌ನಲ್ಲಿ ಓದುವುದು ಫಾರಂ ಮಾತ್ರ. ನಾಲ್ಕರಿಂದ ಎಂಟರವರೆಗಿನ ಸಾಲುಗಳು ಖಾಲಿ. ಚಿತ್ತಾಪುರದಿಂದ ಬೆಳಿಗ್ಗೆ ಜಲ್ದಿ ಎದ್ದು, ರೊಟ್ಟಿ ಕಟ್ಟಿಕೊಂಡು, ಬಸ್ಸಿನಲ್ಲಿ ನಿಂತು ಬಂದ ಹುಡುಗಿ ಹೆಸರಿಲ್ಲದೆ ವಾಪಸ್ ಹೋಗುತ್ತಾಳೆ.

ನಮ್ಮ ಕಡೆ ಬಹಳ ಕೂಟಗಳಲ್ಲಿ ಅಂಕ ಕೊಡುವುದೇ ಮೂವರಿಗೆ: 5, 3, 1. ಆ ಕಾನ್ಫರೆನ್ಸ್ ಕೂಟಗಳಲ್ಲಿ ಎಂಟು ಜನರಿಗೆ ಅಂಕ: 10, 8, 6, 5, 4, 3, 2, 1. ಎಲ್ಲ ಸೇರಿಸಿ ತಂಡದ ಚಾಂಪಿಯನ್ ಯಾರು ಅಂತ ತೀರ್ಮಾನ. ಈಗ ಲೆಕ್ಕ ಹಾಕು. ಒಂದು ತಂಡದ ಹುಡುಗಿ ಲಾಂಗ್ ಜಂಪ್ ಗೆದ್ದಳು, 10 ಅಂಕ. ಇನ್ನೊಂದು ತಂಡದ ಮೂವರು ನಾಲ್ಕನೇ, ಆರನೇ, ಏಳನೇ ಸ್ಥಾನಕ್ಕೆ ಬಂದರು. 5, 3, 2, ಕೂಡಿಸಿದರೆ ಅದೂ 10. ಪದಕ ಇಲ್ಲದ ಮೂರು ಹುಡುಗಿಯರು ಸೇರಿ ಚಿನ್ನಕ್ಕೆ ಸಮ ಮಾಡಿದರು! ಕೊನೆಯ ದಿನ ಕೊನೆಯ ಓಟ 4x400 ರಿಲೇ. ಅದಕ್ಕೂ ಇದೇ ಅಂಕ. ಎರಡು ತಂಡಗಳ ನಡುವೆ ಎರಡು ಮೂರು ಅಂಕದ ಅಂತರ ಇದ್ದರೆ, ಹಿಂದಿನ ದಿನ ಲಾಂಗ್ ಜಂಪ್‌ನಲ್ಲಿ ಆರನೇ ಸ್ಥಾನಕ್ಕೆ ಬಂದವಳೇ ತಂಡವನ್ನು ಉಳಿಸಿರುತ್ತಾಳೆ. ಆ ರಿಲೇ ಹೊತ್ತಿಗೆ ತಂಡದವರೆಲ್ಲ ಟ್ರ್ಯಾಕಿನ ಅಂಚಿಗೆ ಬಂದು ಗಂಟಲು ಕಿತ್ತು ಹೋಗುವಂತೆ ಕೂಗುವುದು ಸುಮ್ನೆ ಅಲ್ಲ.

ನೀನು ಮಾಡಬೇಕಾದದ್ದು ಇಷ್ಟು. ನಿಮ್ಮ ಕಾಲೇಜಿನ ಪಿ.ಇ. ಸರ್ ಕಡೆಯಿಂದ ಮೂಲ ಹಾಳೆಯಲ್ಲಿರುವ ನಿನ್ನ ಅಳತೆಗಳನ್ನು ತರಿಸಿಕೋ. ಆರೂ ಜಿಗಿತ ಸಿಕ್ಕಿದ್ದರೆ ಆರನ್ನೂ ಬರೆದಿಡು. ಯಾವುದು ಫೌಲ್, ಎಷ್ಟು ಬೆರಳು ಹೆಚ್ಚಾಯಿತು, ನೆನಪಿದ್ದಷ್ಟು ಸೇರಿಸು. ಮನೆಯವರಿಗೆ ಆ ಹಾಳೆ ತೋರಿಸು. ‘ಆರನೆಯವಳು’ ಅನ್ನುವುದಕ್ಕಿಂತ ‘ಹೋದ ವರ್ಷಕ್ಕಿಂತ ಇಷ್ಟು ಸೆಂಟಿಮೀಟರ್ ಜಾಸ್ತಿ’ ಅಂದರೆ ಅಪ್ಪ ಅಮ್ಮನಿಗೂ ಜಲ್ದಿ ಅರ್ಥ ಆಗುತ್ತದೆ. ಓದೂ ನಡೆಯಲಿ. ಬೆಳಗಿನ ಎರಡು ಗಂಟೆ ಮೈದಾನಕ್ಕೆ ಕೊಟ್ಟರೆ ಬಿ.ಕಾಂ. ಹಾಳಾಗುವುದಿಲ್ಲ.

ಪ್ರಶ್ನೆ: ಅಮೆರಿಕದ ಕಾಲೇಜಿನಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಕೊಡಿಸುತ್ತೇನೆ ಅಂತ ಒಬ್ಬ ಏಜೆಂಟ್ ಮುಂಗಡ ಹಣ ಕೇಳುತ್ತಿದ್ದಾನೆ. ತಂಗಿ ಪಿಯುಸಿ, ಹೈಜಂಪ್ ಮಾಡುತ್ತಾಳೆ. ನಂಬಬಹುದೇ?
— ಓದುಗ, ಶಹಾಪುರ

ದಾರಿ ಖರೇ ಇದೆ. ಆದರೆ ಮುಂಗಡ ಕೊಡಬೇಡಿ.

ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಪರವಾಗಿ 2006ರಲ್ಲಿ ಎನ್‌ಸಿಎಎ ಡಿಸ್ಕಸ್ ಗೆದ್ದರು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಭಾರತಕ್ಕೆ ಚಿನ್ನ ತಂದರು. ದೆಹಲಿಯ ತೇಜಸ್ವಿನ್ ಶಂಕರ್ ಕನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದರು. ಅದು ಬಿಗ್ 12 ಕಾನ್ಫರೆನ್ಸ್‌ನ ತಂಡ. 2018 ಮತ್ತು 2022ರಲ್ಲಿ ಎನ್‌ಸಿಎಎ ಹೈಜಂಪ್ ಅವರದೇ. 2022ರ ಕಾಮನ್‌ವೆಲ್ತ್‌ನಲ್ಲಿ ಹೈಜಂಪ್ ಕಂಚು. ಆಮೇಲೆ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಹತ್ತು ಸ್ಪರ್ಧೆಗಳ ಡೆಕಾತ್ಲಾನ್‌ನಲ್ಲಿ ಬೆಳ್ಳಿ, 7666 ಅಂಕ. ನಿಮ್ಮ ತಂಗಿಗೆ ಅವರ ವಿಡಿಯೊ ತೋರಿಸಿ.

ಈಗ ವ್ಯವಹಾರದ ಮಾತು. ಸ್ಕಾಲರ್‌ಶಿಪ್ ನಿರ್ಧರಿಸುವುದು ಕಾಲೇಜಿನ ಕೋಚ್, ಏಜೆಂಟ್ ಅಲ್ಲ. ಆ ಕೋಚ್‌ಗಳ ಇ-ಮೇಲ್ ವಿಳಾಸ ಕಾಲೇಜಿನ ವೆಬ್‌ಸೈಟ್‌ನಲ್ಲೇ ಇರುತ್ತದೆ. ನೇರ ಬರೆಯಿರಿ: ಅಧಿಕೃತ ಕೂಟದ ಫಲಿತಾಂಶ, ಜಿಗಿತದ ಕತ್ತರಿಸದ ವಿಡಿಯೊ, ಅಂಕಪಟ್ಟಿ. ಎನ್‌ಸಿಎಎಯ ಅರ್ಹತಾ ಕೇಂದ್ರದಲ್ಲಿ ನೀವೇ ಹೆಸರು ನೋಂದಾಯಿಸಬಹುದು. ಇಂಗ್ಲಿಷ್ ಪರೀಕ್ಷೆಗೆ ಈಗಿನಿಂದಲೇ ತಯಾರಿ ಬೇಕು.

ಪೂರ್ತಿ ಖರ್ಚು ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಬರವಣಿಗೆಯಲ್ಲಿ ಕೇಳಿ. ಎನ್‌ಸಿಎಎಯ ಮೊದಲ ದರ್ಜೆಯ (ಡಿವಿಷನ್ 1) ಕಾಲೇಜುಗಳಲ್ಲಿ ಅಥ್ಲೆಟಿಕ್ಸ್‌ಗೆ ಬಹಳ ಕಾಲ ಗಂಡುಮಕ್ಕಳ ತಂಡಕ್ಕೆ 12.6, ಹೆಣ್ಣುಮಕ್ಕಳ ತಂಡಕ್ಕೆ 18 ಪೂರ್ಣ ಸ್ಕಾಲರ್‌ಶಿಪ್‌ನ ಮಿತಿ ಇತ್ತು. ಅದನ್ನೇ ಹೋಳು ಮಾಡಿ ಹಂಚುತ್ತಿದ್ದರು. 2025ರಲ್ಲಿ ಒಂದು ನ್ಯಾಯಾಲಯದ ಒಪ್ಪಂದದ ನಂತರ ಲೆಕ್ಕ ಬದಲಾಯಿತು. ಅದಕ್ಕೆ ಒಪ್ಪಿಕೊಂಡ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಸಂಖ್ಯೆಗೆ ಮಿತಿ ಇಲ್ಲ, ತಂಡದ ಗಾತ್ರಕ್ಕೆ ಮಿತಿ ಇದೆ: 45. ತಂಡ ಚಿಕ್ಕದಾದರೆ ಹೊಸಬರಿಗೆ ಜಾಗ ಕಷ್ಟ. ಆದರೆ ಎರಡು ವರ್ಷದ ಜೂನಿಯರ್ ಕಾಲೇಜುಗಳೂ ಇವೆ. ಅವಕ್ಕೂ ತಮ್ಮದೇ ಇಂಡೋರ್ ರಾಷ್ಟ್ರೀಯ ಕೂಟ ಇದೆ. ಆ ದಾರಿಯನ್ನೂ ನೋಡಿ. ಹೋಗುವ ಮನಸ್ಸಿದ್ದರೆ ಇಲ್ಲಿ ಪದವಿಗೆ ಸೇರುವ ಮುಂಚೆಯೇ ವಿಚಾರಿಸಿ. ಯಾವ ದೇಶದ ಕಾಲೇಜಿಗೆ ಸೇರಿದರೂ ಅಮೆರಿಕದ ಕಾಲೇಜು ತಂಡದಲ್ಲಿ ಸ್ಪರ್ಧಿಸಲು ಇರುವ ಅರ್ಹತೆಯ ವರ್ಷಗಳು ಅಂದಿನಿಂದಲೇ ಕರಗತೊಡಗುತ್ತವೆ.

ಪ್ರಶ್ನೆ: ನಮ್ಮ ಭಾಗದಲ್ಲಿ ಇಂಡೋರ್ ಕೂಟ ಮಾಡಲು ಸಾಧ್ಯವೇ?
— ದೈಹಿಕ ಶಿಕ್ಷಣ ಶಿಕ್ಷಕ, ಆಳಂದ

ಒಳಾಂಗಣ ಟ್ರ್ಯಾಕ್ ಬೇಕಾದರೆ ಸದ್ಯಕ್ಕೆ ಭುವನೇಶ್ವರದ ಕಳಿಂಗ ಕ್ರೀಡಾಂಗಣಕ್ಕೆ ಹೋಗಬೇಕು. ನಮ್ಮ ಬೇಸಿಗೆ, ಮಳೆ ಎರಡಕ್ಕೂ ಅಂಥದ್ದೊಂದು ಕಲ್ಯಾಣ ಕರ್ನಾಟಕಕ್ಕೆ ಬೇಕು. ಕೇಳುತ್ತಲೇ ಇರೋಣ.

ಅಲ್ಲಿಯವರೆಗೆ ಎರಡು ಕೆಲಸ ನಿಮ್ಮ ಕೈಯಲ್ಲೇ ಇದೆ. ನಿಮ್ಮ ಮೈದಾನದಲ್ಲಿ 60 ಮೀಟರ್ ಗೆರೆ ಹಾಕಿ. ಅದಕ್ಕೆ ಛಾವಣಿ ಬೇಡ, ಗೆರೆ ದಾಟಿದ ಮೇಲೆ ನಿಲ್ಲಲು ಖಾಲಿ ಜಾಗ ಇದ್ದರೆ ಸಾಕು. ಸ್ಟಾರ್ಟ್ ಸುಧಾರಿಸಲು ಇದಕ್ಕಿಂತ ಒಳ್ಳೆಯ ಓಟ ಇಲ್ಲ. ಎರಡನೆಯದು, ತಾಲ್ಲೂಕು ಮಟ್ಟದ ನಿಮ್ಮ ಮುಂದಿನ ಕೂಟದಲ್ಲಿ ಎಂಟು ಜನರಿಗೆ ಅಂಕ ಕೊಡಿ. ಅಧಿಕೃತ ನಿಯಮ 5-3-1 ಇದ್ದರೆ ಅದು ಹಾಗೇ ಇರಲಿ. ಪಕ್ಕದಲ್ಲಿ ಇನ್ನೊಂದು ಪಟ್ಟಿ ಬರೆದು ಗೋಡೆಗೆ ಅಂಟಿಸಿ, ಎಂಟೂ ಹೆಸರು, ಅಳತೆ, ಕಾಲೇಜು. ಹಾಳೆ ಹೇಗಿರಬೇಕು ಅಂತ ಮಾದರಿ ಬೇಕಿದ್ದರೆ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ, ನಾನೇ ಗೆರೆ ಎಳೆದು ಕಳಿಸುತ್ತೇನೆ.