ಮನೆಯಲ್ಲೇ ಕಾಯಿಸಿದ ಸೀಗೆಕಾಯಿ ಶಾಂಪೂ ಒಂದು ತಿಂಗಳು ಕೆಡದಂತೆ ಇಡುವುದು ಹೇಗೆ?

ವಿಟಮಿನ್ ಇ ಮಾತ್ರೆ ಒಡೆದು ಹಾಕಿದರೆ ಸಾಕೇ ಎಂದು ಕೇಳಿದ್ದೀರಿ. ಎರಡು ವರ್ಷಗಳ ಹಿಂದೆ, ಮಲ್ಲೇಶ್ವರದ ನಮ್ಮ ಮನೆಯಲ್ಲಿ ನಾನು ಮಾಡಿದ್ದು ಅದನ್ನೇ.

ಗ್ರಂಧಿಗೆ ಅಂಗಡಿಯಿಂದ 100 ಗ್ರಾಂ ಸೀಗೆಕಾಯಿ, 50 ಗ್ರಾಂ ಅಂಟುವಾಳಕಾಯಿ ಮತ್ತು ಒಂದು ಹಿಡಿ ನೆಲ್ಲಿಚೆಟ್ಟು ತಂದು, ಅಂಟುವಾಳದ ಬೀಜ ತೆಗೆದು, ಎಲ್ಲವನ್ನೂ ರಾತ್ರಿಯಿಡೀ ನೆನೆಸಿ, ಮರುದಿನ ಒಂದು ಚಮಚ ಮೆಂತ್ಯದೊಂದಿಗೆ ನೀರು ಅರ್ಧಕ್ಕೆ ಇಳಿಯುವವರೆಗೆ ಕುದಿಸಿ, ಕಿವುಚಿ, ಹಳೆಯ ಪಂಚೆಯಲ್ಲಿ ಸೋಸಿದೆ. ಎರಡು ವಿಟಮಿನ್ ಇ ಮಾತ್ರೆ ಹಿಂಡಿ, ಖಾಲಿ ಶಾಂಪೂ ಬಾಟಲಿಗೆ ತುಂಬಿ, ಬಚ್ಚಲುಮನೆಯ ಗೀಸರಿನ ಕೆಳಗೆ ಇಟ್ಟೆ. ಮೊದಲ ಸ್ನಾನಕ್ಕೆ ಕೂದಲು ಎಷ್ಟು ಹಗುರಾಯಿತೆಂದರೆ ತಂಗಿಗೂ ಒಂದು ಬಾಟಲಿ ಕಾಯಿಸಿಕೊಡುವೆನೆಂದು ಮಾತು ಕೊಟ್ಟೆ.

ಐದನೆಯ ದಿನ ಹುಳಿ ವಾಸನೆ ಬಂತು, ನೆಲ್ಲಿಯದಿರಬೇಕು ಎಂದುಕೊಂಡೆ. ಎಂಟನೆಯ ದಿನ ಮುಚ್ಚಳ ತೆಗೆದಾಗ ಟಪ್ಪೆಂದು ಹಾರಿತು. ಆಗಲೂ ಚೆಲ್ಲಲಿಲ್ಲ, ಶ್ರಮ ಹಾಳಾಗುತ್ತದಲ್ಲ ಎಂದು ಮತ್ತೆರಡು ಸಲ ತಲೆಗೆ ಹಾಕಿಕೊಂಡೆ. ನೆತ್ತಿಯ ತುಂಬ ಕೀವುಗುಳ್ಳೆಗಳೆದ್ದು, ಚರ್ಮವೈದ್ಯರ ಬಳಿ ಮೂರು ವಾರ ಓಡಾಡಬೇಕಾಯಿತು. "ನಿನ್ನೆಯ ಸಾರನ್ನೇ ಫ್ರಿಜ್ಜಿಗಿಡುತ್ತೀಯ, ಇದನ್ನು ಬಚ್ಚಲಲ್ಲಿ ಇಟ್ಟೆಯೇನಮ್ಮ?" ಎಂದರು ನಮ್ಮ ಅತ್ತೆ.

ತಪ್ಪು ಎಲ್ಲಿತ್ತೆಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅದರ ಹೊಸ್ತಿಲಲ್ಲೇ ನಿಂತಿದ್ದೀರಿ. ವಿಟಮಿನ್ ಇ ಎಣ್ಣೆ ಕಮಟಾಗುವುದನ್ನು ತಡವಾಗಿಸುತ್ತದೆ, ಅಷ್ಟೇ. ಬ್ಯಾಕ್ಟೀರಿಯಾವನ್ನಾಗಲಿ ಬೂಷ್ಟನ್ನಾಗಲಿ ಅದು ತಡೆಯುವುದಿಲ್ಲ. ಕುದಿಸಿದ್ದರಿಂದ ಆಗ ಇದ್ದ ಸೂಕ್ಷ್ಮಜೀವಿಗಳು ಬಹುಪಾಲು ಸತ್ತಿರಬಹುದು, ಆದರೆ ಪಂಚೆಯಿಂದ, ಬಾಟಲಿಯಿಂದ, ನನ್ನ ಒದ್ದೆ ಕೈಯಿಂದ ಹೊಸವು ಬಂದು ಸೇರಿದವು. ಕಾಯಿಯ ಸಕ್ಕರೆಯಂಶ, ಮೆಂತ್ಯದ ಲೋಳೆ, ಗೀಸರಿನ ಕಾವು, ಇವಿಷ್ಟಿದ್ದರೆ ದೋಸೆಹಿಟ್ಟಿನಂತೆ ಹುದುಗುವುದಕ್ಕೆ ಇನ್ನೇನು ಬೇಕು? ಆ ಮುಚ್ಚಳ ಹಾರಿಸಿದ್ದೂ ಹುದುಗಿದಾಗ ಹುಟ್ಟಿದ ಅನಿಲವೇ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ತಿಂಗಳುಗಟ್ಟಲೆ ಇಡಬೇಕಾದದ್ದು ದ್ರವವಲ್ಲ, ಪುಡಿ. ಕಾಯಿಗಳನ್ನು ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಪುಡಿ ಮಾಡಿಸಿ, ಒಣ ಡಬ್ಬಿಯಲ್ಲಿ ತುಂಬಿಡಿ. ಸ್ನಾನದ ದಿನ ಬೇಕಾದಷ್ಟನ್ನು ಮಾತ್ರ ಬೆಚ್ಚನೆಯ ತಿಳಿಗಂಜಿಯಲ್ಲಿ ಕಲಸಿಕೊಳ್ಳಿ. ಗಿರಣಿಯಲ್ಲಿ ಸೀಗೆಪುಡಿಗೆ ಬೇರೆ ಯಂತ್ರವಿದೆಯೇ ಎಂದು ಮೊದಲೇ ವಿಚಾರಿಸಿ, ಇಲ್ಲವಾದರೆ ನಿಮ್ಮ ಹಿಂದೆ ಬಂದವರ ರಾಗಿಹಿಟ್ಟು ಕಹಿಯಾದೀತು. ಅಂಗಡಿಯ ಶಾಂಪೂವಿನಷ್ಟು ನೊರೆಯನ್ನು ನಿರೀಕ್ಷಿಸಬೇಡಿ, ಕಣ್ಣಿಗೆ ಬಿದ್ದರೆ ಚೆನ್ನಾಗಿ ಉರಿಯುತ್ತದೆ ಎಂಬುದನ್ನು ಮರೆಯಬೇಡಿ.

ಕಾಯಿಸಿದ್ದೇ ಬೇಕೆಂಬ ಹಟವಿದ್ದರೆ ಒಂದೇ ಸ್ನಾನಕ್ಕೆ ಆಗುವಷ್ಟು ಕಾಯಿಸಿ. ಮಿಕ್ಕಿದ್ದರಲ್ಲಿ ಅಂದೇ ಬೆಳ್ಳಿ ದೀಪಗಳನ್ನು ಉಜ್ಜಿಬಿಡಿ, ನಮ್ಮ ಮನೆಯಲ್ಲಿ ಈಗ ಹಾಗೆಯೇ ಮಾಡುತ್ತೇವೆ.